ಕಂಬದ ಗಾಜು, ಜೂಲಿಯೆಟ್ ಗಾಜು: ರೆಡಿಂಗ್‌ನ ನಮ್ಮ ಮನೆಯಲ್ಲಿ ಎರಡನ್ನೂ ಹಾಕಿಸಿ ನೋಡಿದ್ದು

ಗಾಜಿನ ತಡೆಗೋಡೆಯನ್ನು ನಾವು ಎರಡು ಕಡೆ ಹಾಕಿಸಿದೆವು. ಮಹಡಿಯ ಮಲಗುವ ಕೋಣೆಯ ಫ್ರೆಂಚ್ ಬಾಗಿಲಿಗೆ ಜೂಲಿಯೆಟ್ ಬಾಲ್ಕನಿ (ಬಾಗಿಲಿಗೆ ಅಡ್ಡವಾಗಿ ಬರೀ ಗಾಜಿನ ತಡೆ), ಹಿತ್ತಲಿನ ಡೆಕ್ಕಿಂಗ್‌ಗೆ (ಹಲಗೆ ಹಾಸಿದ ಜಗಲಿ) ಸ್ಟೀಲ್ ಕಂಬಗಳ ನಡುವೆ ಗಾಜು. ಎತ್ತರ ಎರಡೂ ಕಡೆ 1.1 ಮೀಟರ್, ಡೆಕ್ಕಿಂಗ್‌ನಲ್ಲಿ ಪಕ್ಕದ ಮನೆಯ ಬದಿಯೊಂದನ್ನು ಬಿಟ್ಟು.

ಪರವಾನಗಿಯ ವಿಷಯದಲ್ಲಿ ಜೂಲಿಯೆಟ್ ಸಲೀಸು. ಹೊರಗೆ ಕಾಲಿಡಲು ಜಾಗವೇ ಇರುವುದಿಲ್ಲ, ಹಾಗಾಗಿ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಸ್ವಂತ ಮನೆಗೆ ಪ್ಲಾನಿಂಗ್ ಪರ್ಮಿಷನ್ ಬೇಕಾಗುವುದಿಲ್ಲ (ಫ್ಲ್ಯಾಟ್‌ಗಳ ಮಾತು ಬೇರೆ). ಡೆಕ್ಕಿಂಗ್ ನೆಲದಿಂದ 30 ಸೆಂ.ಮೀ. ಮೀರಿದರೆ ಅರ್ಜಿ ಹಾಕಲೇಬೇಕು. ಹಿತ್ತಲು ಇಳಿಜಾರು, ನಮ್ಮದು 70 ಸೆಂ.ಮೀ. ಇತ್ತು. 8 ವಾರ ಕಾದ ಮೇಲೆ ಒಪ್ಪಿಗೆ ಬಂತು, ಒಂದು ಷರತ್ತಿನೊಂದಿಗೆ: ಪಕ್ಕದ ಮನೆಯ ಕಡೆ 1.7 ಮೀಟರ್ ಎತ್ತರದ ಮಸುಕು ಗಾಜು ಇರಬೇಕು. ನನಗದು ನ್ಯಾಯವೆನಿಸಿತು. ನಾವು ಕಾಫಿ ಕುಡಿಯುತ್ತ ನಿಂತರೆ ಅವರ ಊಟದ ಮೇಜೇ ಕಾಣುತ್ತಿತ್ತು.

ಗಾಜು ಎಂಥದ್ದೆಂದು ಮಾತ್ರ ಪ್ಲಾನಿಂಗ್‌ನವರು ಕೇಳಲಿಲ್ಲ. ಜೂಲಿಯೆಟ್‌ನದು 17.5 ಮಿ.ಮೀ. ಲ್ಯಾಮಿನೇಟೆಡ್: 8 ಮಿ.ಮೀ.ನ ಎರಡು ಟಫನ್ಡ್ (ಕಾಯಿಸಿ ಗಟ್ಟಿಮಾಡಿದ) ಹಾಳೆ, ನಡುವೆ ಪ್ಲಾಸ್ಟಿಕ್ ಪದರ. ಡೆಕ್ಕಿಂಗ್‌ಗೆ ಹಣ ಉಳಿಸಲು 10 ಮಿ.ಮೀ.ನ ಒಂಟಿ ಟಫನ್ಡ್ ಗಾಜು ತರಿಸಿದೆವು. ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಯಾರೂ ಮುಟ್ಟದೆ ಅದರಲ್ಲೊಂದು ಢಬ್ಬೆಂದು ಒಡೆಯಿತು. ತುಳಸಿ ಕುಂಡದ ಮಣ್ಣಿನಿಂದ ಕಲ್ಲುಸಕ್ಕರೆಯಂಥ ಚೂರುಗಳನ್ನು ನನ್ನ ಹೆಂಡತಿ ಎರಡು ದಿನ ಆರಿಸಿದಳು. ಮೇಲಿನ ಹಿಡಿಗಂಬಿ ಉಳಿದಿತ್ತು, ಅದರ ಕೆಳಗೆ ಮೂರು ವರ್ಷದ ಮಗಳು ನುಸುಳುವಷ್ಟು ಖಾಲಿ. ಟಫನ್ಡ್ ಗಾಜಿನೊಳಗೆ ನಿಕಲ್ ಸಲ್ಫೈಡ್ ಕಣವಿದ್ದರೆ ಅದು ನಿಧಾನವಾಗಿ ಹಿಗ್ಗಿ ಹೀಗೆ ಒಡೆಯಬಹುದಂತೆ. ಕಾರ್ಖಾನೆಯಲ್ಲೇ ಗಾಜನ್ನು ಬಿಸಿಯಲ್ಲಿಟ್ಟು ಪರೀಕ್ಷಿಸುವ ‘ಹೀಟ್ ಸೋಕ್’ ಮಾಡಿಸಿದರೆ ಅಂಥ ಗಾಜು ಬಹುಪಾಲು ಅಲ್ಲೇ ಒಡೆದುಹೋಗುತ್ತದೆ. ನಾವು ಕೇಳಿರಲಿಲ್ಲ.

ಲ್ಯಾಮಿನೇಟೆಡ್‌ನಲ್ಲಿ ಒಂದು ಹಾಳೆ ಹೋದರೂ ಇನ್ನೊಂದು ನಿಂತಿರುತ್ತದೆ. ಮಕ್ಕಳಿರುವ ಮನೆಗೆ ಬೇರೆ ಯಾವುದನ್ನೂ ನಾನು ಹೇಳುವುದಿಲ್ಲ. ಜೂಲಿಯೆಟ್‌ಗೂ ಒಂದು ತೊಂದರೆಯಿದೆ: ಹೊರಮೈಗೆ ಕೈ ಎಟುಕುವುದಿಲ್ಲ, ಮಳೆಯ ಕಲೆ ಒರೆಸಲು ಕೆಳಗಿನಿಂದ ಉದ್ದ ಕೋಲಿನ ಬ್ರಷ್ಷೇ ಗತಿ. ಡೆಕ್ಕಿಂಗ್‌ನ ಗಾಜನ್ನು ಬಟ್ಟೆ ಹಿಡಿದು ಐದು ನಿಮಿಷದಲ್ಲಿ ಒರೆಸಬಹುದು.

ಈಗ ಡೆಕ್ಕಿಂಗ್‌ನ ಕಂಬಗಳು ಅವೇ. ಕ್ಲಾಂಪಿನ ರಬ್ಬರ್ ಬದಲಿಸಿ, ಗಾಜೆಲ್ಲ 11.5 ಮಿ.ಮೀ. ಲ್ಯಾಮಿನೇಟೆಡ್ ಹಾಕಿಸಿದ್ದೇವೆ. ಈ ಸಲ ಹೀಟ್ ಸೋಕ್ ಸರ್ಟಿಫಿಕೇಟ್ ಕೈಗೆ ಬಂದ ಮೇಲೆಯೇ ಉಳಿದ ಹಣ ಕೊಟ್ಟೆ.