ಮನೇಲಿ ಸಿಮ್ಯುಲೇಟರ್ ಹಾಕ್ಕೊಂಡು ಇನ್‌ಸ್ಟ್ರುಮೆಂಟ್ ಫ್ಲೈಯಿಂಗ್ ಕಲಿಯೋಕೆ ಹೊರಟೋರು ಇದನ್ನ ಓದಿ

ಸೆಕೆಂಡ್ ಹ್ಯಾಂಡ್ ಯೋಕ್ (ವಿಮಾನದ ಸ್ಟೀರಿಂಗ್ ಥರದ್ದು), ಪೆಡಲ್, ಮೂರು ಮಾನಿಟರ್ ತಗೊಂಡು ಮನೇಲೇ ಪ್ರಾಕ್ಟೀಸ್ ಮಾಡಿ ದುಡ್ಡು ಉಳಿಸೋಣ ಅಂತಿರೋರು ಅಡ್ವಾನ್ಸ್ ಕೊಡೋ ಮುಂಚೆ ನನಗಾಗಿದ್ದನ್ನ ಒಂದ್ಸಲ ಕೇಳಿ. ನನ್ನ ಚಿಕ್ಕಪ್ಪನ ಮಗ ಮೊನ್ನೆ ಬೆಂಗಳೂರಿಂದ ಫೋನ್ ಮಾಡಿ ಇದೇ ಪ್ಲ್ಯಾನ್ ಹೇಳ್ದ, ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ.

ನಾನಿರೋದು ಟೆಕ್ಸಾಸ್‌ನಲ್ಲಿ, ಡಾಲಸ್ ಹತ್ರ. ಚಿಕ್ಕವನಿದ್ದಾಗ ಜಕ್ಕೂರು ಏರೋಡ್ರೋಮ್ ಕಾಂಪೌಂಡ್ ಆಚೆ ನಿಂತು ಪುಟ್ಟ ವಿಮಾನ ನೋಡ್ತಿದ್ದೆ, ಆ ಆಸೆ ಹೋಗ್ಲೇ ಇಲ್ಲ, ಇಲ್ಲಿ ಕೆಲಸಕ್ಕೆ ಸೇರಿ ಕೈಲಿ ನಾಲ್ಕು ಕಾಸು ಆದ್ಮೇಲೆ ಪ್ರೈವೇಟ್ ಪೈಲಟ್ ಲೈಸೆನ್ಸ್ ತಗೊಂಡೆ. ಮುಂದಿನದು ಇನ್‌ಸ್ಟ್ರುಮೆಂಟ್ ರೇಟಿಂಗ್. ಹೊರಗೆ ಏನೂ ಕಾಣದಿದ್ರೂ ಬರೀ ಪ್ಯಾನೆಲ್ ನೋಡ್ಕೊಂಡು ಹಾರಿಸೋದು. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ರೂಲ್ ಪ್ರಕಾರ ಅದಕ್ಕೆ 40 ಗಂಟೆ ಇನ್‌ಸ್ಟ್ರುಮೆಂಟ್ ಟೈಮ್ ಬೇಕು. ಸೆಸ್ನಾ 172 ಬಾಡಿಗೆ, ಇನ್‌ಸ್ಟ್ರಕ್ಟರ್ ಫೀಸು ಎಲ್ಲಾ ಸೇರಿ ನನಗೆ ಗಂಟೆಗೆ 250 ಡಾಲರ್ ಹತ್ರ ಬೀಳ್ತಿತ್ತು.

ಆಗ ಒಬ್ಬ ಮಾರೋನು ಸಿಕ್ಕ, ಪೂರ್ತಿ ಸೆಟಪ್ 1,800 ಡಾಲರ್, "ಇದು ಎಫ್‌ಎಎ ಅಪ್ರೂವ್ಡ್, 20 ಗಂಟೆ ಲಾಗ್‌ಬುಕ್‌ಗೆ ಬರ್ಕೋಬಹುದು" ಅಂದ, ನಾನು ನಂಬಿದೆ. ಆ 40ರಲ್ಲಿ 20 ಗಂಟೆ ಸಿಮ್ಯುಲೇಟರ್‌ನಲ್ಲಿ ಮಾಡ್ಬಹುದು ಅನ್ನೋ ರೂಲ್ ಇರೋದು ನಿಜ, ಆದ್ರೆ ಅದು ಅಡ್ವಾನ್ಸ್‌ಡ್ ಏವಿಯೇಷನ್ ಟ್ರೈನಿಂಗ್ ಡಿವೈಸ್ ಅಂತ ಎಫ್‌ಎಎ ಲೆಟರ್ ಕೊಟ್ಟಿರೋ ಮಷೀನ್‌ಗೆ ಮಾತ್ರ, ಬೇಸಿಕ್ ಆದ್ರೆ 10 ಗಂಟೆ ಅಷ್ಟೆ, ಎರಡರಲ್ಲೂ ಇನ್‌ಸ್ಟ್ರಕ್ಟರ್ ಪಾಠ ಮಾಡಿ ಲಾಗ್‌ಬುಕ್‌ಗೆ ಸೈನ್ ಹಾಕ್ಬೇಕು. ಆ ಲೆಟರ್ ಇಂಥಾ ಹಾರ್ಡ್‌ವೇರ್, ಇಂಥಾ ಸಾಫ್ಟ್‌ವೇರ್ ಎರಡೂ ಸೇರಿದ ಸೆಟ್‌ಗೆ ಅಂತ ಕೊಡೋದು, ಅದೇ ಸಾಫ್ಟ್‌ವೇರ್ ಮನೆ ಕಂಪ್ಯೂಟರ್‌ಗೆ ಹಾಕ್ಕೊಂಡ್ರೆ ಲೆಕ್ಕಕ್ಕೆ ಬರಲ್ಲ. ಲೆಟರ್ ಕಾಪಿ ಕೊಡಪ್ಪ ಅಂತ ಮೂರು ಸಲ ಮೆಸೇಜ್ ಹಾಕ್ದೆ, ಉತ್ತರ ಇಲ್ಲ. ನಮ್ಮ ದೇಶದಲ್ಲೂ ಅಷ್ಟೆ, ಇಲ್ಲಿ ಎಫ್‌ಎಎ ಇದ್ದಂಗೆ ಅಲ್ಲಿರೋ ಡಿಜಿಸಿಎ ಒಪ್ಪಿರೋ ಸಿಮ್ಯುಲೇಟರ್ ಬಿಟ್ರೆ ಬೇರೆದ್ರ ಗಂಟೆ ಲೆಕ್ಕಕ್ಕಿಲ್ಲ.

ದುಡ್ಡು ಹೋಗಿದ್ದು ಬಿಡಿ. ಅದಕ್ಕಿಂತ ಕೆಟ್ಟದ್ದು ಅಂದ್ರೆ ಅದ್ರ ಮುಂದೆ ಮೂರು ತಿಂಗಳು ಒಬ್ನೇ ಕೂತು ನಾನು ಕಲ್ತಿದ್ದು.

ರಾತ್ರಿ ಮಗಳು ಮಲಗಿದ್ಮೇಲೆ ದಿನಾ ಒಂದು ಗಂಟೆ, ಐಎಲ್‌ಎಸ್ ಅಪ್ರೋಚ್ (ರೇಡಿಯೋ ಸಿಗ್ನಲ್ ಹಿಡ್ಕೊಂಡು ರನ್‌ವೇ ಕಡೆ ಇಳಿಯೋದು) ಮೇಲೆ ಅಪ್ರೋಚ್. ಎರಡೂ ಸೂಜಿ ಮಧ್ಯದಲ್ಲಿ ಕೂರಿಸಿ 200 ಅಡಿವರೆಗೆ ಇಳಿಸೋದು ಬಂತು, ಬಂದೇಬಿಡ್ತು ಅನ್ಕೊಂಡೆ. ಆದ್ರೆ ಕಣ್ಣು ಹೋಗ್ತಿದ್ದಿದ್ದು ಒಂದೇ ಕಡೆ, ವಿಮಾನ ಎಷ್ಟು ವಾಲಿದೆ, ಮೂಗು ಮೇಲಿದೆಯಾ ಕೆಳಗಿದೆಯಾ ಅಂತ ತೋರಿಸೋ ಆಟಿಟ್ಯೂಡ್ ಇಂಡಿಕೇಟರ್ ಮೇಲೆ. ಆರು ಮೀಟರ್‌ನಲ್ಲೂ ಕಣ್ಣು ಆಡ್ತಾ ಇರ್ಬೇಕು, ಒಂದು ಹೇಳಿದ್ದು ನಿಜಾನಾ ಅಂತ ಇನ್ನೊಂದನ್ನ ಕೇಳ್ಬೇಕು, ಆ ಅಭ್ಯಾಸವೇ ಆಗ್ಲಿಲ್ಲ, ಪಕ್ಕದಲ್ಲಿ ಕೂತು ಹೇಳೋರು ಯಾರೂ ಇರ್ಲಿಲ್ಲ. ಏನಾದ್ರೂ ಬರ್ಕೋಬೇಕಿದ್ರೆ ಪಾಸ್ ಬಟನ್ ಒತ್ತಿ ಸಿಮ್ ನಿಲ್ಲಿಸಿ ನಿಧಾನಕ್ಕೆ ಬರ್ಕೊಳ್ತಿದ್ದೆ. ಟ್ರಿಮ್ (ಯೋಕ್ ಮೇಲಿನ ಒತ್ತಡ ಇಳಿಸೋ ಚಕ್ರ) ಅಂತೂ ಪೂರ್ತಿ ಉಲ್ಟಾ ಕಲ್ತಿದ್ದೆ. ನಿಜವಾದ ವಿಮಾನದಲ್ಲಿ ಕೈಗೆ ಒತ್ತಡ ಗೊತ್ತಾಗತ್ತೆ, ಅದು ಹೋಗೋವರೆಗೂ ಟ್ರಿಮ್ ತಿರುಗಿಸ್ತೀವಿ, ನನ್ನ ಯೋಕ್‌ನಲ್ಲಿ ಇದ್ದಿದ್ದು ಬರೀ ಸ್ಪ್ರಿಂಗು, ಅದು ಯಾವಾಗ್ಲೂ ಮಧ್ಯಕ್ಕೇ ಎಳೀತಿತ್ತು. ಇನ್ನೊಂದು, ಯಾವ ದಿಕ್ಕಿಗೆ ಹೋಗ್ತಿದೀವಿ ಅಂತ ತೋರಿಸೋ ಹೆಡಿಂಗ್ ಇಂಡಿಕೇಟರ್ ಹಾರ್ತಾ ಹಾರ್ತಾ ಮೆಲ್ಲಗೆ ತಪ್ಪು ತೋರಿಸೋಕೆ ಶುರು ಮಾಡತ್ತೆ, ಸುಮಾರು 15 ನಿಮಿಷಕ್ಕೊಂದ್ಸಲ ಕಂಪಾಸ್ ನೋಡಿ ಸರಿ ಮಾಡ್ಬೇಕು. ನನ್ನ ಸಿಮ್‌ನಲ್ಲಿ ಅದು ಯಾವತ್ತೂ ತಪ್ಪಾಗ್ಲೇ ಇಲ್ಲ, ಹಂಗಾಗಿ ನನ್ನ ಕೈ ಕಂಪಾಸ್ ಕಡೆ ಹೋಗೋದೇ ಮರೆತುಬಿಡ್ತು.

ಜನವರಿಲಿ ಒಂದು ಬೆಳಿಗ್ಗೆ, ಇನ್‌ಸ್ಟ್ರಕ್ಟರ್ ಜೊತೆ ಮೊದಲ ಸಲ ನಿಜವಾದ ಮೋಡದೊಳಗೆ ಹೋದೆ. 1,500 ಅಡಿಗೆ ಬೆಳ್ಳಗೆ ಮುಚ್ಕೊಂಡ್ತು, ರೆಕ್ಕೆ ತುದಿನೂ ಸರಿಯಾಗಿ ಕಾಣ್ತಿಲ್ಲ. ಎಡಕ್ಕೆ ತಿರುಗ್ತಾ ಇದ್ದಾಗ ರೇಡಿಯೋದಲ್ಲಿ ಏರ್ ಟ್ರಾಫಿಕ್ ಕಂಟ್ರೋಲರ್ ಒಂದೇ ಉಸಿರಲ್ಲಿ ಹೊಸ ಹೆಡಿಂಗ್, ಎತ್ತರ, ಫ್ರೀಕ್ವೆನ್ಸಿ ಹೇಳಿದ್ರು, ನಾನು ಮನೇಲಿ ಮಾಡೋ ಥರಾನೇ ತಲೆ ಬಗ್ಗಿಸಿ ತೊಡೆ ಮೇಲಿನ ಪ್ಯಾಡ್‌ನಲ್ಲಿ ಬರ್ಕೊಳ್ಳೋಕೆ ಹೋದೆ. ತಲೆ ಎತ್ತಿದ್ರೆ ಇಡೀ ವಿಮಾನ ಬಲಕ್ಕೆ ಉರುಳ್ತಿದೆ ಅನ್ನಿಸ್ತು. ಅನ್ನಿಸ್ತು ಅಂದ್ರೆ ಸಾಲ್ದು, ಮೈಯೆಲ್ಲಾ ಹೌದು ಹೌದು ಅಂತಿತ್ತು. ಕೈ ತಾನಾಗೇ ಇನ್ನೂ ಎಡಕ್ಕೆ ಒತ್ತಿತು. ಮೂಗು ಕೆಳಗಾಗಿ ಸ್ಪೀಡ್ ಸೂಜಿ ಎಚ್ಚರಿಕೆಯ ಹಳದಿ ಗೆರೆ ಕಡೆ ಏರ್ತಿದೆ, ಆಲ್ಟಿಮೀಟರ್ ಇಳೀತಿದೆ, ನಾನು ಯೋಕ್ ಹಿಂದಕ್ಕೆ ಎಳೀತಿದೀನಿ, ಅದು ವಿಮಾನ ಸುತ್ತುತ್ತಾ ಇಳೀತಿರೋ ಸುರುಳಿನ ಇನ್ನೂ ಬಿಗಿ ಮಾಡ್ತಿದೆ. ಆಗ "ಮೈ ಕಂಟ್ರೋಲ್ಸ್" (ಬಿಡು, ನಾನು ಹಾರಿಸ್ತೀನಿ) ಅಂತ ಇನ್‌ಸ್ಟ್ರಕ್ಟರ್ ಪವರ್ ಕಮ್ಮಿ ಮಾಡಿ, ಮೊದಲು ರೆಕ್ಕೆ ನೆಟ್ಟಗೆ ಮಾಡಿ, ಆಮೇಲೆ ಮೂಗು ಎತ್ತಿದ್ರು. ಹೆಚ್ಚಂದ್ರೆ ಹತ್ತು ಸೆಕೆಂಡ್ ಇರ್ಬೇಕು. ಒಬ್ನೇ ಇದ್ದಿದ್ರೆ ಇದನ್ನ ಬರೆಯೋಕೆ ನಾನಿರ್ತಿರ್ಲಿಲ್ಲ.

ಇಳಿದ್ಮೇಲೆ ಅವರು ಬಿಡಿಸಿ ಹೇಳಿದ್ರು. ಒಳಗಿವಿಯಲ್ಲಿ ಅರ್ಧ ಚಂದ್ರಾಕಾರದ ಕೊಳವೆಗಳಿವೆ, ಅದ್ರೊಳಗಿನ ದ್ರವ ಅಲ್ಲಾಡಿದ್ರೇನೇ ನಮಗೆ ತಿರುಗ್ತಿದೀವಿ ಅಂತ ಗೊತ್ತಾಗೋದು. ಒಂದೇ ಸಮ ತಿರುಗ್ತಾ ಇದ್ರೆ 20 ಸೆಕೆಂಡ್ ಆಸುಪಾಸಲ್ಲಿ ದ್ರವನೂ ಜೊತೆಗೇ ತಿರುಗಿ, ನೆಟ್ಟಗೆ ಹೋಗ್ತಿದೀವಿ ಅನ್ನಿಸತ್ತೆ, ಆ ಹೊತ್ತಲ್ಲಿ ತಲೆ ಬಗ್ಗಿಸಿದ್ರೆ ಬೇರೆ ಕೊಳವೆ ಕದಡಿ ಉರುಳಿದಂಗಾಗತ್ತೆ. ಅಲ್ಲಾಡದೇ ಇರೋ ಕುರ್ಚಿ ಮೇಲೆ ಕೂತ್ಕೊಂಡು ಇದನ್ನ ಎಷ್ಟು ತಿಂಗಳು ಕಲಿತ್ರೂ ಬರಲ್ಲ.

ಒಂದೇ ಮೀಟರ್ ನಂಬೋದು ಎಂಥಾ ಅನಾಹುತ ಅಂತ ನಮ್ಮ ದೇಶದಲ್ಲೇ ಆಗಿದೆ. 1978ರ ಜನವರಿ 1, ಬಾಂಬೆಯಿಂದ ರಾತ್ರಿ ಹೊರಟ ಏರ್ ಇಂಡಿಯಾ 855, ಕ್ಯಾಪ್ಟನ್ ಮುಂದಿನ ಆಟಿಟ್ಯೂಡ್ ಇಂಡಿಕೇಟರ್ ಕೆಟ್ಟು ಬಲಕ್ಕೆ ವಾಲಿದೆ ಅಂತಾನೇ ತೋರಿಸ್ತಿತ್ತು, ಕೆಳಗೆ ಕತ್ತಲೆ ಸಮುದ್ರ, ಅವರು ಎಡಕ್ಕೆ ವಾಲಿಸ್ತಾ ಹೋದ್ರು, 213 ಜನ ಹೋಗ್ಬಿಟ್ರು. ಅದು ಓದಿದ ದಿನ ನಿದ್ದೆ ಬರ್ಲಿಲ್ಲ ನನಗೆ.

ಸಿಮ್ಯುಲೇಟರೇ ಬೇಡ ಅಂತ ನಾನು ಹೇಳ್ತಿಲ್ಲ. 1929ರಲ್ಲಿ ಎಡ್ವಿನ್ ಲಿಂಕ್ ಅಪ್ಪನ ಆರ್ಗನ್ ಕಾರ್ಖಾನೆಯ ತಿದಿಗಳನ್ನೇ ಹಾಕಿ ಟ್ರೈನರ್ ಕಟ್ಟಿದ್ರು, 1934ರಲ್ಲಿ ಕೆಟ್ಟ ಹವೆಯಲ್ಲಿ ಏರ್‌ಮೇಲ್ ಒಯ್ಯೋಕೆ ಹೋಗಿ ಪೈಲಟ್‌ಗಳು ಸತ್ತಾಗ ಅಮೆರಿಕದ ಸೇನೆ ಅದನ್ನೇ 6 ತಗೊಂಡಿತು. ಆದ್ರೆ ಆ ಡಬ್ಬಿ ಪಕ್ಕದಲ್ಲಿ ಮೇಜು ಹಾಕ್ಕೊಂಡು ಇನ್‌ಸ್ಟ್ರಕ್ಟರ್ ಕೂತಿರೋರು. ನನ್ನ ರೂಮಲ್ಲಿ ಇರ್ಲಿಲ್ಲ.

ಈಗ ಫ್ಲೈಯಿಂಗ್ ಸ್ಕೂಲಲ್ಲಿರೋ, ಎಫ್‌ಎಎ ಲೆಟರ್ ಇರೋ ಡಿವೈಸ್‌ನಲ್ಲೇ ಕೂರ್ತೀನಿ, ಇನ್‌ಸ್ಟ್ರಕ್ಟರ್ ಒಂದೊಂದೇ ಮೀಟರ್ ಫೇಲ್ ಮಾಡ್ತಾರೆ, ಪಾಸ್ ಬಟನ್ ಮುಟ್ಟೋ ಹಂಗಿಲ್ಲ, ಕ್ಲಿಯರೆನ್ಸ್ (ಕಂಟ್ರೋಲರ್ ಹೇಳೋ ಸೂಚನೆ) ತಲೆ ಅಲ್ಲಾಡಿಸದೇ ಬರ್ಕೊಳ್ಳೋಕೆ ಅಂತ ಪ್ಯಾಡ್‌ನ ಯೋಕ್ ಮೇಲೆ ಕಟ್ಕೊಂಡಿದೀನಿ. ಹಳೇ ಅಭ್ಯಾಸ ಬಿಡಿಸೋಕೇ 11 ಗಂಟೆ ಹಾರಾಟ ಹಿಡೀತು, ಅದ್ರ ದುಡ್ಡಲ್ಲಿ ಇನ್ನೊಂದು ಸೆಟಪ್ ಬರ್ತಿತ್ತು. ಮನೇಲಿರೋದನ್ನ ಮಾರಿಲ್ಲ, ಮಾರೋದೂ ಇಲ್ಲ, ಅಪ್ರೋಚ್ ಚಾರ್ಟ್ ಓದಿ ರೂಟ್ ನೆನಪು ಮಾಡ್ಕೊಳ್ಳೋಕೆ ಮಾತ್ರ ಆನ್ ಮಾಡ್ತೀನಿ. ತಮ್ಮನಿಗೂ ಅಷ್ಟಕ್ಕೆ ಮಾತ್ರ ತಗೋ, ಅದೂ ಮೊದಲು ಇನ್‌ಸ್ಟ್ರಕ್ಟರ್ ಹತ್ರ ಹತ್ತು ಪಾಠ ಆದ್ಮೇಲೆ ಅಂದಿದೀನಿ.