ಟೊಮೆಟೊ ಮಂಡಿಯಲ್ಲಿ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್: ಪುಕ್ಕಟೆ ಎಲ್ಲಿಯವರೆಗೆ?

ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕಪತ್ರವೂ ಕಂಪ್ಯೂಟರೂ ನನ್ನ ಪಾಲಿನ ಕೆಲಸ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ನಡೆಯುವುದು ಮೈಕ್ರೋಸಾಫ್ಟಿನ ಪುಕ್ಕಟೆ ಡೇಟಾಬೇಸ್ ಸಾಫ್ಟ್‌ವೇರ್ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಮೇಲೆ. ಮೊದಲು 2014ರ ವರ್ಷನ್ ಇತ್ತು, ಈಗ 2019ರದ್ದು. ವರ್ಷಗಟ್ಟಲೆ ಬಳಸಿ ಹೇಳುತ್ತಿದ್ದೇನೆ: ಮಂಡಿ ವ್ಯಾಪಾರಕ್ಕೆ ಇದು ಧಾರಾಳವಾಗಿ ಸಾಕು. ಮಿತಿಗಳೇನು ಅಂತ ಮೊದಲೇ ತಿಳಿದಿರಬೇಕು, ಅಷ್ಟೆ.

2019ರ ಎಕ್ಸ್‌ಪ್ರೆಸ್ ಹೆಚ್ಚೆಂದರೆ ಪ್ರೊಸೆಸರಿನ ನಾಲ್ಕು ಕೋರ್, ಡೇಟಾ ಇಟ್ಟುಕೊಳ್ಳಲು ಸುಮಾರು 1.4 ಜಿಬಿ ಮೆಮೊರಿ ಬಳಸುತ್ತದೆ. ಸರ್ವರಿಗೆ 32 ಜಿಬಿ ರ್‍ಯಾಮ್ ಹಾಕಿಸಿದರೂ ಅಷ್ಟೇ. ಹಾಗಿದ್ದರೂ ಜೂನ್, ಜುಲೈ ಸೀಸನ್‌ನಲ್ಲಿ ಹರಾಜು ಮುಗಿಯುತ್ತಿದ್ದಂತೆ ರೈತರು ಪಟ್ಟಿಗೆ, ಅಂದರೆ ಮಾರಾಟದ ಬಿಲ್ಲಿಗೆ, ಮುಗಿಬಿದ್ದಾಗಲೂ ತಡವರಿಸಿದ್ದಿಲ್ಲ. ವರ್ಷದ ಲೆಡ್ಜರ್ ತೆಗೆಯುವಾಗ ಮಾತ್ರ ಒಂದು ಟೀ ಕುಡಿದು ಬರಬಹುದು.

ನಮ್ಮನ್ನು ಕಾಡಿದ್ದು ಡೇಟಾಬೇಸಿನ ಗಾತ್ರಕ್ಕಿರುವ 10 ಜಿಬಿ ಮಿತಿ. ಬಾಕ್ಸು, ದರ, ಕಮಿಷನ್, ಕೂಲಿ, ಇವನ್ನೆಲ್ಲ ಎಷ್ಟು ವರ್ಷ ಬರೆದರೂ 10 ಜಿಬಿ ಸುಲಭಕ್ಕೆ ತುಂಬುವುದಿಲ್ಲ. ಆದರೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟವರು ಲಾರಿ ರಸೀದಿಯ ಫೋಟೋಗಳನ್ನೂ ಡೇಟಾಬೇಸಿನೊಳಗೇ ತುರುಕಿದ್ದರು. ಒಂದು ಬೆಳಿಗ್ಗೆ ಹೊಸ ಪಟ್ಟಿ ಸೇವ್ ಆಗಲೇ ಇಲ್ಲ; ಲಾಗ್‌ನಲ್ಲಿ ‘10240 ಎಂಬಿ’ ಲೈಸೆನ್ಸ್ ಮಿತಿ ಮೀರುತ್ತದೆ ಎಂಬ ಸಂದೇಶ. "ಏನಪ್ಪಾ, ಫ್ರೀ ಅಂದಿದ್ದೆ, ಈಗ ನಿಂತ್ಕೊಂಡ್ಬಿಡ್ತಲ್ಲ?" ಅಂತ ಮಾಲೀಕರು. ಫೋಟೋಗಳನ್ನು ಫೋಲ್ಡರಿಗೆ ಸಾಗಿಸಿ ಡೇಟಾಬೇಸಿನಲ್ಲಿ ಅವು ಎಲ್ಲಿವೆ ಎಂಬ ವಿಳಾಸ ಮಾತ್ರ ಉಳಿಸಿದ ಮೇಲೆ ಮುಕ್ಕಾಲು ಜಾಗ ಖಾಲಿಯಾಯಿತು. ಈ ಮಿತಿ ಒಂದೊಂದು ಡೇಟಾಬೇಸಿಗೆ ಪ್ರತ್ಯೇಕ, ಬದಲಾವಣೆಗಳನ್ನು ದಾಖಲಿಸುವ ಟ್ರಾನ್ಸಾಕ್ಷನ್ ಲಾಗ್ ಫೈಲ್ ಲೆಕ್ಕಕ್ಕಿಲ್ಲ. ಹಾಗಾಗಿ ಕೆಲವರು ಹಣಕಾಸು ವರ್ಷಕ್ಕೊಂದು ಡೇಟಾಬೇಸ್ ಮಾಡಿಕೊಳ್ಳುತ್ತಾರೆ.

ಕನ್ನಡದ ಹೆಸರುಗಳ ವಿಷಯ ಬೇರೆ. ಕಾಲಂ ಎಲ್ಲ ಭಾಷೆಯ ಅಕ್ಷರ ಹಿಡಿಯುವ ಎನ್‌ವಾರ್‌ಚಾರ್ ಬಗೆಯದಾಗಿರಬೇಕು, ಕ್ವೆರಿಯಲ್ಲಿ ನೇರವಾಗಿ ಬರೆದ ಹೆಸರಿನ ಮುಂದೆ ಎನ್ ಅಕ್ಷರವೂ ಇರಬೇಕು. ಇಲ್ಲವಾದರೆ ರೈತರ ಪಟ್ಟಿಯಲ್ಲಿ ಹೆಸರಿನ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. 2019ರ ವರ್ಷನ್ನಿನಲ್ಲಿ ಅಕ್ಷರಗಳನ್ನು ಬರೆದಿಡುವ ಇನ್ನೊಂದು ವಿಧಾನ ಯುಟಿಎಫ್-8 ಬಂದಿದೆ, ಜಾಗ ಉಳಿಯುತ್ತದೆ ಎನ್ನುತ್ತಾರೆ. ಇಂಗ್ಲಿಷಿಗೆ ನಿಜ. ‘ಕೋಲಾರ’ ಎಂದು ಬರೆಯಲು ಎನ್‌ವಾರ್‌ಚಾರ್‌ನಲ್ಲಿ 10 ಬೈಟ್ ಸಾಕು, ಯುಟಿಎಫ್-8ರಲ್ಲಿ 15 ಬೇಕು. ನಮಗೆ ಹಳೆಯದೇ ಲಾಭ.

ಬ್ಯಾಕಪ್ಪಿಗೆ, ಹೊತ್ತಿಗೆ ಸರಿಯಾಗಿ ಕೆಲಸ ತಾನೇ ನಡೆಸುವ ಎಸ್‌ಕ್ಯೂಎಲ್ ಏಜೆಂಟ್ ಇಲ್ಲ, ಕಂಪ್ರೆಷನ್ನೂ ಇಲ್ಲ. ವಿಂಡೋಸ್ ಟಾಸ್ಕ್ ಶೆಡ್ಯೂಲರಿನಲ್ಲಿ ಒಂದು ಬ್ಯಾಚ್ ಫೈಲ್ ಇಟ್ಟಿದ್ದೇನೆ, ರಾತ್ರಿ ತಾನೇ ನಡೆಯುತ್ತದೆ. 2014ರ ಬ್ಯಾಕಪ್ 2019ಕ್ಕೆ ಏರುತ್ತದೆ. 2019ರದ್ದು 2014ಕ್ಕೆ ಇಳಿಯುವುದಿಲ್ಲ. ಆದ್ದರಿಂದ ಸೀಸನ್ ನಡುವೆ ವರ್ಷನ್ ಬದಲಿಸುವ ಸಾಹಸ ಬೇಡ. 2014ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2024ರ ಜುಲೈಗೆ ಮುಗಿದಿದೆ, ಇನ್ನೂ ಅದರಲ್ಲೇ ಇರುವವರು ಗಮನಿಸಿ.

ಇನ್ನು ಲೈಸೆನ್ಸು. ಹಣ ಕೊಟ್ಟು ಪಡೆಯುವ ಸ್ಟ್ಯಾಂಡರ್ಡ್ ಎಡಿಷನ್ ಕೊಂಡರೆ ಕೋರ್ ಲೆಕ್ಕದಲ್ಲಿ ಕೊಳ್ಳಬೇಕು, ಇಲ್ಲವೇ ಸರ್ವರಿಗೊಂದು, ಜೊತೆಗೆ ಬಳಸುವ ಪ್ರತಿ ವ್ಯಕ್ತಿಗೋ ಕಂಪ್ಯೂಟರಿಗೋ ಒಂದೊಂದು ಕ್ಯಾಲ್, ಅಂದರೆ ಸರ್ವರ್ ಬಳಸುವ ಲೈಸೆನ್ಸ್. ಎಲ್ಲರೂ ಒಂದೇ ಬಿಲ್ಲಿಂಗ್ ಸಾಫ್ಟ್‌ವೇರ್ ಮೂಲಕ ಬರುತ್ತಾರೆ, ಒಂದೇ ಕ್ಯಾಲ್ ಸಾಕು ಎಂಬ ವಾದ ನಡೆಯುವುದಿಲ್ಲ. ಎಕ್ಸ್‌ಪ್ರೆಸ್ಸಿಗೆ ಈ ತಲೆನೋವೇ ಇಲ್ಲ. ‘ಎಲ್ಲಾ ಸೌಲಭ್ಯ ಇರೋ ಫ್ರೀ ಎಡಿಷನ್ ಹಾಕಿಕೊಡ್ತೀನಿ’ ಅಂತ ಯಾರಾದರೂ ಬಂದರೆ ಅದು ಡೆವಲಪರ್ ಎಡಿಷನ್ನೇ ಅಂತ ವಿಚಾರಿಸಿ. ಅದು ಸಾಫ್ಟ್‌ವೇರ್ ಬರೆದು ಪರೀಕ್ಷಿಸಲು ಮಾತ್ರ. ಅದರಲ್ಲಿ ವ್ಯಾಪಾರದ ಲೆಕ್ಕ ನಡೆಸಿದರೆ ಲೈಸೆನ್ಸ್ ಮುರಿದಂತೆ.

ಇನ್ನೊಂದು ಪುಕ್ಕಟೆ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ಗೆ ಹೋಗಿ ಎನ್ನುವವರಿದ್ದಾರೆ. ಗಾತ್ರಕ್ಕೆ ಇಂಥ ಲೈಸೆನ್ಸ್ ಮಿತಿಯಿಲ್ಲ, ಕ್ಯಾಲ್ ಇಲ್ಲ, ಹೊಸದಾಗಿ ಶುರುಮಾಡುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಅದರ ಜೊತೆ ನಡೆಯುವುದಿಲ್ಲ, ಮಾತು ಅಲ್ಲಿಗೇ ನಿಂತಿತು. 2025ರ ಎಕ್ಸ್‌ಪ್ರೆಸ್‌ನಲ್ಲಿ ಮಿತಿ 50 ಜಿಬಿಗೆ ಏರಿದೆ. 2019ಕ್ಕೆ 2030ರ ಜನವರಿವರೆಗೆ ಬೆಂಬಲ ಇರುವುದರಿಂದ ನಮಗೆ ಅವಸರವಿಲ್ಲ. ಹೊಸ ಸರ್ವರ್ ಕೊಂಡಾಗ ನೋಡೋಣ ಅಂದಿದ್ದಾರೆ ಮಾಲೀಕರು.