ವೆಕ್ಟರ್ ಡೇಟಾಬೇಸ್ ಮೇಲೆ ನಿಗಾ: ಮೂರು ದಾರಿಗಳನ್ನು ಬಳಸಿ ನೋಡಿದ ಮೇಲೆ

ಸಾಮಾನ್ಯ ಡೇಟಾಬೇಸ್ ಕೆಟ್ಟರೆ ಗೊತ್ತಾಗುತ್ತದೆ: ಉತ್ತರ ಬರುವುದಿಲ್ಲ, ಇಲ್ಲವೇ ತಡವಾಗಿ ಬರುತ್ತದೆ. ಪಠ್ಯದ ಅರ್ಥವನ್ನು ಸಂಖ್ಯೆಗಳ ಸಾಲಾಗಿ (ವೆಕ್ಟರ್) ಇಟ್ಟುಕೊಂಡು, ಅರ್ಥದಲ್ಲಿ ಹತ್ತಿರದವನ್ನು ಹುಡುಕಿಕೊಡುವ ವೆಕ್ಟರ್ ಡೇಟಾಬೇಸ್ ಸದ್ದಿಲ್ಲದೆ ಕೆಡಬಲ್ಲದು. ಸಿಪಿಯು ಆರಾಮವಾಗಿರುತ್ತದೆ, ಉತ್ತರ ಕ್ಷಣಾರ್ಧದಲ್ಲಿ ಬರುತ್ತದೆ, ಹತ್ತು ಫಲಿತಾಂಶ ಕೇಳಿದರೆ ಹತ್ತೂ ಸಿಗುತ್ತವೆ. ಆದರೆ ಅವುಗಳಲ್ಲಿ ನಿಜಕ್ಕೂ ಅತಿ ಹತ್ತಿರದವು ಆರೇ ಇರಬಹುದು. ಈ ಹುಡುಕಾಟಕ್ಕೆ ಬಳಸುವ ಎಚ್‌ಎನ್‌ಎಸ್‌ಡಬ್ಲ್ಯು ಎಂಬ ಇಂಡೆಕ್ಸ್ ಎಲ್ಲ ವೆಕ್ಟರ್‌ಗಳನ್ನೂ ತಾಳೆ ನೋಡುವುದಿಲ್ಲ. ಗ್ರಾಫ್‌ನಲ್ಲಿ ನೆರೆಯಿಂದ ನೆರೆಗೆ ಸಾಗುತ್ತ ಅಂದಾಜಿನಲ್ಲಿ ಹುಡುಕುತ್ತದೆ. ಸರಿಯಾದ ಉತ್ತರಗಳಲ್ಲಿ ಎಷ್ಟು ಪಾಲು ಕೈಗೆ ಸಿಕ್ಕಿತು ಎಂಬುದೇ ರೀಕಾಲ್. ಹಾಗಾಗಿ ಪ್ರತಿಯೊಂದು ದಾರಿಗೂ ನಾನು ಎರಡು ಪ್ರಶ್ನೆ ಹಾಕಿದೆ: ವೇಗ ಮತ್ತು ಮೆಮೊರಿಯ ಸ್ಥಿತಿಯನ್ನು ಸರಿಯಾಗಿ ತೋರಿಸುತ್ತದೆಯೇ? ರೀಕಾಲ್ ಬಗ್ಗೆ ಏನಾದರೂ ಹೇಳುತ್ತದೆಯೇ?

ಹೋಲಿಸಿದ್ದು ಇವನ್ನು: ಕ್ವಾಡ್ರಂಟ್ ಎಂಬ ವೆಕ್ಟರ್ ಡೇಟಾಬೇಸ್ ಜೊತೆ ನಾವೇ ನಡೆಸುವ ಪ್ರೊಮೀಥಿಯಸ್ (ಅಳತೆಯ ಅಂಕಿಗಳನ್ನು ಸಂಗ್ರಹಿಸುವ ತಂತ್ರಾಂಶ) ಮತ್ತು ಗ್ರಫಾನಾ (ಅವನ್ನು ರೇಖೆಗಳಾಗಿ ತೋರಿಸುವ ತಂತ್ರಾಂಶ), ಅದೇ ಕ್ವಾಡ್ರಂಟ್ ಮೇಲೆ ತಿಂಗಳ ಶುಲ್ಕದ ಒಂದು ನಿಗಾ ಸೇವೆ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ವೆಕ್ಟರ್ ಹುಡುಕಾಟ ಸೇರಿಸುವ ಪಿಜಿವೆಕ್ಟರ್ ಜೊತೆ ಪೋಸ್ಟ್‌ಗ್ರೆಸ್ ತಾನೇ ಕೊಡುವ ಅಂಕಿ ಅಂಶಗಳು. ದತ್ತಾಂಶ ಎಲ್ಲ ಕಡೆಯೂ ಒಂದೇ, 768 ಆಯಾಮದ ಸುಮಾರು 10 ಲಕ್ಷ ವೆಕ್ಟರ್‌ಗಳು. ಒಂದೊಂದು ವೆಕ್ಟರ್ 3,072 ಬೈಟ್, ಅಂದರೆ ಇಂಡೆಕ್ಸ್ ಸೇರಿಸುವ ಮೊದಲೇ ಸುಮಾರು 3 ಜಿಬಿ.

ಪ್ರೊಮೀಥಿಯಸ್ ಜೋಡಿಸುವುದು ಸುಲಭ. ಕ್ವಾಡ್ರಂಟ್ 6333ನೇ ಪೋರ್ಟ್‌ನಲ್ಲಿ ತನ್ನ ಮೆಟ್ರಿಕ್‌ಗಳನ್ನು (ಅಳತೆಯ ಅಂಕಿಗಳನ್ನು) ತೆರೆದಿಟ್ಟಿರುತ್ತದೆ. ಬೇರೆ ವೆಕ್ಟರ್ ಡೇಟಾಬೇಸ್‌ಗಳಾದ ಮಿಲ್ವಸ್ 9091ರಲ್ಲಿ, ವೀವಿಯೇಟ್ 2112ರಲ್ಲಿ (ಇದನ್ನು ಮಾತ್ರ ಸೆಟ್ಟಿಂಗ್ ಬದಲಿಸಿ ಚಾಲೂ ಮಾಡಬೇಕು). ಉತ್ತರದ ಸಮಯ ಹಿಸ್ಟೋಗ್ರಾಮ್ ರೂಪದಲ್ಲಿ (ಯಾವ ಸಮಯದ ಅಂತರದಲ್ಲಿ ಎಷ್ಟು ಉತ್ತರ ಬಂದವು ಎಂಬ ಎಣಿಕೆಯಾಗಿ) ಬರುವುದರಿಂದ ಸರಾಸರಿಯ ಬದಲು 95 ಅಥವಾ 99ನೇ ಪರ್ಸೆಂಟೈಲ್, ಅಂದರೆ ನೂರರಲ್ಲಿ 95 ಅಥವಾ 99 ಪ್ರಶ್ನೆಗಳಿಗೆ ಎಷ್ಟು ಸಮಯದೊಳಗೆ ಉತ್ತರ ಬಂತು ಎಂಬುದನ್ನು ನೋಡಬಹುದು. ಇದು ನನಗೆ ಬಹಳ ಮುಖ್ಯ, ಏಕೆಂದರೆ ನೂರರಲ್ಲಿ ಐದು ಜನ ಪಡುವ ಪಾಡನ್ನು ಸರಾಸರಿ ಪೂರ್ತಿ ಮುಚ್ಚಿಹಾಕುತ್ತದೆ. ಹಿಸ್ಟೋಗ್ರಾಮ್‌ನ ಅಂತರಗಳು ಅಗಲವಾಗಿದ್ದರೆ ಆ ಪರ್ಸೆಂಟೈಲ್ ಕೂಡ ಅಂದಾಜೇ ಎಂಬುದು ನೆನಪಿರಲಿ. ಇನ್ನೊಂದು ಎಚ್ಚರ: ಪ್ರೊಮೀಥಿಯಸ್ ತಾನಾಗಿ 15 ದಿನಗಳ ದಾಖಲೆಯನ್ನಷ್ಟೇ ಉಳಿಸಿಕೊಳ್ಳುತ್ತದೆ. ವೆಕ್ಟರ್ ಡೇಟಾಬೇಸ್‌ನ ಸೊರಗುವಿಕೆ ತಿಂಗಳುಗಟ್ಟಲೆ ಹರಡಿಕೊಂಡಿರುವುದರಿಂದ ಆ ಅವಧಿಯನ್ನು ಮೊದಲ ದಿನವೇ ಹಿಗ್ಗಿಸಿ.

ಶುಲ್ಕದ ಸೇವೆಯಲ್ಲಿ ನನಗೆ ಮನಃಪೂರ್ವಕ ಮೆಚ್ಚುಗೆಯಾದದ್ದು ಒಂದು. ಬಳಕೆದಾರರ ಪ್ರಶ್ನೆಯ ಇಡೀ ಪಯಣ ಒಂದೇ ಪರದೆಯಲ್ಲಿ ಕಾಣುತ್ತದೆ: ಪಠ್ಯವನ್ನು ವೆಕ್ಟರ್ ಮಾಡಲು ಹಿಡಿದ ಸಮಯ, ಹುಡುಕಾಟದ ಸಮಯ, ನಂತರ ಫಲಿತಾಂಶಗಳನ್ನು ಮರುಜೋಡಿಸುವ ಸಮಯ. ಜನ ಡೇಟಾಬೇಸ್ ನಿಧಾನ ಎಂದು ದೂರುತ್ತಿದ್ದ ತಡದಲ್ಲಿ ಬಹುಪಾಲು ಪಠ್ಯವನ್ನು ವೆಕ್ಟರ್ ಮಾಡುವ ಎಂಬೆಡಿಂಗ್ ಮಾದರಿಯದೇ ಎಂದು ತಿಳಿದದ್ದು ಇಲ್ಲಿಯೇ. ಆದರೆ ಪ್ರತಿ ಗ್ರಾಹಕನಿಗೂ, ಪ್ರತಿ ಕಲೆಕ್ಷನ್‌ಗೂ (ವೆಕ್ಟರ್‌ಗಳ ಗುಂಪಿಗೂ) ಬೇರೆ ಬೇರೆ ಲೇಬಲ್ ಹಚ್ಚಿದರೆ ಪ್ರತಿಯೊಂದು ಜೋಡಿಯೂ ಹೊಸ ಮೆಟ್ರಿಕ್ ಆಗಿ ಎಣಿಕೆಯಾಗುತ್ತದೆ, ಬಿಲ್ಲು ಅದರ ಹಿಂದೆಯೇ ಏರುತ್ತದೆ.

ಪೋಸ್ಟ್‌ಗ್ರೆಸ್‌ನಿಂದ ಹೆಚ್ಚೇನೂ ನಿರೀಕ್ಷಿಸಿರಲಿಲ್ಲ, ಹೆಚ್ಚು ಕಲಿತದ್ದು ಮಾತ್ರ ಇಲ್ಲಿಂದಲೇ. ಪಿಜಿ_ಸ್ಟಾಟ್_ಸ್ಟೇಟ್‌ಮೆಂಟ್ಸ್ ಎಂಬ ಅದರ ಅಂಕಿಪಟ್ಟಿ ಪ್ರತಿ ಬಗೆಯ ಪ್ರಶ್ನೆಗೂ ಸರಾಸರಿ, ಕನಿಷ್ಠ, ಗರಿಷ್ಠ ಸಮಯ ಕೊಡುತ್ತದೆ; ಪರ್ಸೆಂಟೈಲ್ ಕೊಡುವುದಿಲ್ಲ, ಅದು ದೊಡ್ಡ ಕೊರತೆ. ಆದರೆ ಮೆಮೊರಿಯಲ್ಲೇ ಸಿಕ್ಕ ಬ್ಲಾಕ್‌ಗಳೆಷ್ಟು, ಹೊರಗಿನಿಂದ ಓದಿ ತಂದವೆಷ್ಟು ಎಂದು ಅದು ಹೇಳುತ್ತದೆ. ಗ್ರಾಫ್ ಸುತ್ತುವಾಗ ಓದು ಎಲ್ಲೆಂದರಲ್ಲಿಗೆ ಜಿಗಿಯುವುದರಿಂದ, ಇಂಡೆಕ್ಸ್ ಮೆಮೊರಿಗೆ ಹಿಡಿಸದೆ ಹೋದ ಕೂಡಲೇ ವೇಗ ಕುಸಿಯುತ್ತದೆ. ಈ ಎರಡನೆಯ ಸಂಖ್ಯೆ ಅದಕ್ಕೂ ಮೊದಲೇ ಏರತೊಡಗುತ್ತದೆ.

ಅದೇ ಪಟ್ಟಿಯಲ್ಲಿ ಇನ್ನೊಂದು ಸಂಪತ್ತಿದೆ. ಹಿಂದಿರುಗಿದ ಸಾಲುಗಳ ಮೊತ್ತವನ್ನು ಕರೆಗಳ ಸಂಖ್ಯೆಯಿಂದ ಭಾಗಿಸಿ ನೋಡಿ. ಪಿಜಿವೆಕ್ಟರ್‌ನ ಎಚ್‌ಎನ್‌ಎಸ್‌ಡಬ್ಲ್ಯು ನಾವು ಬದಲಿಸದಿದ್ದರೆ 40 ಅಭ್ಯರ್ಥಿಗಳನ್ನು ಆರಿಸಿಕೊಂಡು, ನಿಮ್ಮ ಷರತ್ತನ್ನು (ಇಂಥ ವರ್ಗದವು ಮಾತ್ರ ಬೇಕು ಎಂಬಂಥದ್ದನ್ನು) ಆಮೇಲೆ ಅನ್ವಯಿಸುತ್ತದೆ. ಷರತ್ತಿಗೆ ಹೊಂದುವ ಸಾಲುಗಳು ನೂರಕ್ಕೆ ಹತ್ತೇ ಇದ್ದರೆ, ಹತ್ತು ಕೇಳಿದವನಿಗೆ ಸರಾಸರಿ ನಾಲ್ಕು ಸಿಗುತ್ತವೆ. ಎಲ್ಲಿಯೂ ದೋಷ ವರದಿಯಾಗುವುದಿಲ್ಲ; ಈ ಒಂದು ಭಾಗಾಕಾರ ಅದನ್ನು ಬಯಲಿಗೆಳೆಯುತ್ತದೆ. 0.8.0 ಆವೃತ್ತಿಯಿಂದ ಹುಡುಕಾಟವನ್ನು ಮುಂದುವರಿಸಿ ಕೊರತೆ ತುಂಬುವ ಸೌಲಭ್ಯವಿದೆ, ಅದನ್ನು ನಾವೇ ಚಾಲೂ ಮಾಡಬೇಕು.

ಎರಡನೆಯ ಪ್ರಶ್ನೆಗೆ ಮೂರೂ ಮೌನ. ರೀಕಾಲ್ ಅಳೆಯುವ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು, ಮತ್ತು ಮಾಡಲೇಬೇಕು. ನಿಜವಾದ ಬಳಕೆದಾರರ ಕೆಲವು ನೂರು ಪ್ರಶ್ನೆಗಳನ್ನು ತೆಗೆದುಕೊಂಡು, ಒಮ್ಮೆ ಇಂಡೆಕ್ಸ್ ಮೂಲಕ, ಒಮ್ಮೆ ನಿಖರವಾಗಿ ಹುಡುಕಿಸಿ ಎರಡೂ ಪಟ್ಟಿಗಳನ್ನು ತಾಳೆ ನೋಡುವುದು. ಕ್ವಾಡ್ರಂಟ್‌ನಲ್ಲಿ ಇದಕ್ಕೆ ‘ಎಕ್ಸಾಕ್ಟ್’ ಎಂಬ ಆಯ್ಕೆ ಇದೆ; ಪಿಜಿವೆಕ್ಟರ್‌ನಲ್ಲಿ ಒಂದು ಟ್ರಾನ್ಸಾಕ್ಷನ್ ಒಳಗೆ ಇಂಡೆಕ್ಸ್ ಸ್ಕ್ಯಾನ್ ನಿಲ್ಲಿಸಿದರೆ ಸಾಕು. ನಿಖರ ಹುಡುಕಾಟ ಭಾರವಾದದ್ದು, ಆದ್ದರಿಂದ ದಟ್ಟಣೆ ಕಡಿಮೆಯಿರುವ ಹೊತ್ತಿಗೆ ಇಡಿ. ಪ್ರಶ್ನೆಗಳ ಮಾದರಿಯನ್ನೂ ಆಗಾಗ ಬದಲಿಸಿ. ಜನ ಕೇಳುವುದು ಬದಲಾಗುತ್ತಲೇ ಇರುತ್ತದೆ.

ಈ ಅಂಕಿಯನ್ನು ಸೇರಿಸಿಕೊಳ್ಳುವುದರಲ್ಲಿ ಪ್ರೊಮೀಥಿಯಸ್ ಮುಂದೆ. ಅಂಕಿಯನ್ನು ಪ್ರೊಮೀಥಿಯಸ್‌ಗೆ ಒದಗಿಸುವ ಸಣ್ಣದೊಂದು ಪ್ರೋಗ್ರಾಂ (ಎಕ್ಸ್‌ಪೋರ್ಟರ್) ಬರೆದರೆ ರೀಕಾಲ್ ರೇಖೆ ಉತ್ತರದ ಸಮಯದ ರೇಖೆಯ ಪಕ್ಕದಲ್ಲೇ ಬಂದು ಕೂರುತ್ತದೆ. ಸತತ ಎರಡು ಅಳತೆಗಳಲ್ಲಿ 0.95ಕ್ಕಿಂತ ಕೆಳಗಿಳಿದರೆ ಎಚ್ಚರಿಕೆ. ಶುಲ್ಕದ ಸೇವೆಯೂ ಸ್ವೀಕರಿಸುತ್ತದೆ, ಎಣಿಕೆಗೆ ಸೇರಿಸಿಕೊಂಡು. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಟೇಬಲ್‌ಗೆ ಬರೆದಿಟ್ಟು, ಎಚ್ಚರಿಕೆಯ ವ್ಯವಸ್ಥೆಯನ್ನು ಹೊರಗೆ ಕಟ್ಟಬೇಕು.

ಪ್ರತ್ಯೇಕ ವೆಕ್ಟರ್ ಡೇಟಾಬೇಸ್ ನಡೆಸುವವರಿಗೆ ಪ್ರೊಮೀಥಿಯಸ್ ಮತ್ತು ಗ್ರಫಾನಾ ಜೋಡಿಯನ್ನೇ ಹೇಳುತ್ತೇನೆ. ಈಗಾಗಲೇ ಪೋಸ್ಟ್‌ಗ್ರೆಸ್ ಇದ್ದು, ದತ್ತಾಂಶ ಮೆಮೊರಿಗೆ ಹಿಡಿಸುವಷ್ಟಿದ್ದರೆ ಅದರ ಅಂಕಿ ಅಂಶಗಳೇ ಸಾಕು. ನಿಗಾ ವ್ಯವಸ್ಥೆ ನೋಡಿಕೊಳ್ಳಲು ಜನರಿಲ್ಲದ, ಹಲವು ಸೇವೆಗಳ ಸರಪಳಿ ಇರುವ ತಂಡಕ್ಕೆ ಶುಲ್ಕ ಕೊಡುವುದು ತಪ್ಪಲ್ಲ.

ರೀಕಾಲ್ ಅಳತೆಗೂ ಕಾಣದ ಒಂದು ಕೇಡಿದೆ. ಎಂಬೆಡಿಂಗ್ ಮಾದರಿ ಬದಲಾಗಿ ಹಳೆಯ ಮತ್ತು ಹೊಸ ವೆಕ್ಟರ್‌ಗಳು ಒಂದೇ ಕಲೆಕ್ಷನ್‌ನಲ್ಲಿ ಬೆರೆತರೆ, ನಿಖರ ಹುಡುಕಾಟವೂ ಅದೇ ಕಲಬೆರಕೆಯನ್ನೇ ಹುಡುಕುತ್ತದೆ. ಎರಡೂ ಪಟ್ಟಿಗಳು ಹೊಂದುತ್ತವೆ, ಉತ್ತರ ಮಾತ್ರ ಹಾಳು. ಆದ್ದರಿಂದ ಪ್ರತಿ ವೆಕ್ಟರ್ ಜೊತೆ ಮಾದರಿಯ ಆವೃತ್ತಿಯನ್ನು ದಾಖಲಿಸಿ, ಯಾವ ಆವೃತ್ತಿಯವು ಎಷ್ಟಿವೆ ಎಂಬ ಲೆಕ್ಕವನ್ನೂ ಅದೇ ಡ್ಯಾಶ್‌ಬೋರ್ಡ್‌ಗೆ ಸೇರಿಸಿ. ಒಂದೇ ಕಲೆಕ್ಷನ್‌ನಲ್ಲಿ ಎರಡು ಆವೃತ್ತಿ ಕಂಡ ಕ್ಷಣವೇ ಎಚ್ಚರಿಕೆ ಹೊರಡಬೇಕು.